ಮುಂದೊತ್ತುವ ಮುನ್ನ

2018ರ ಜುಲೈ ತಿಂಗಳಲ್ಲಿ, ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಸಾರಿದ ವಾಟ್ಸ್‌ಆ್ಯಪ್ ವದಂತಿಯು ಜನಸಮೂಹವನ್ನು ಕೆರಳಿಸಿ, ಹೈದರಾಬಾದಿನ ತರುಣನೊಬ್ಬನ ಪ್ರಾಣವನ್ನೇ ಆಹುತಿಗೊಂಡಿತು. ಅದನ್ನು ಹರಡಿದವರೆಲ್ಲರೂ ದುಷ್ಟರೇ ಆಗಿರಬೇಕೆಂದಿಲ್ಲ; ಮಕ್ಕಳ ಮೇಲಣ ಮಮತೆಯು ಭಯವಾಗಿ, ಭಯವು ದ್ವೇಷವಾಗಿ ಪರಿಣಮಿಸುವುದಕ್ಕೆ ಅರೆಗಳಿಗೆ ಸಾಕು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ಘೋಷಿಸಿತಾದರೂ, ಯಂತ್ರದ ಕಟ್ಟುಪಾಡು ಮನುಷ್ಯನ ವಿವೇಕಕ್ಕೆ ಬದಲಿಯಾಗಲಾರದು.

ಆದುದರಿಂದ, ವಾಚಕ ಮಹಾಶಯರೆ, ಒಂದು ಜಾತಿಯನ್ನೋ ಮತವನ್ನೋ ಪ್ರಾಂತದವರನ್ನೋ ಒಟ್ಟಾಗಿ ಹಳಿಯುವ ಬರಹವು ಕಣ್ಣಿಗೆ ಬಿದ್ದಾಗ, ಅದರಲ್ಲಿ ಊರು, ದಿನ, ಹೇಳಿದವರ ಹೆಸರು ಇವೆಯೇ ಎಂದು ಮೊದಲು ಪರೀಕ್ಷಿಸಿರಿ. ಇಲ್ಲದಿದ್ದರೆ ಅದನ್ನು ನಿಮ್ಮಲ್ಲಿಯೇ ತಡೆಯಿರಿ. ಕುಟುಂಬದ ಗುಂಪಿನಲ್ಲಿ ಹಿರಿಯರೊಬ್ಬರು ಅಂಥದನ್ನು ಹಾಕಿದರೆ, ಎಲ್ಲರೆದುರು ಜರೆಯದೆ, ಪ್ರತ್ಯೇಕವಾಗಿ ಫೋನು ಮಾಡಿ ವಿನಯದಿಂದ ತಿಳಿಸಿರಿ; ಮಾನಭಂಗಗೊಂಡವರು ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಹಟವನ್ನು ಹಿಡಿಯುವುದೇ ಹೆಚ್ಚು. ಮುಖ ನೋಡಿ ಆಡಲಾರದ ಮಾತನ್ನು ಪರದೆಯ ಮರೆಯಿಂದಲೂ ಬರೆಯದಿರುವುದು, ಈ ಕಾಲದಲ್ಲಿ ಸಜ್ಜನಿಕೆಯ ಪ್ರಥಮ ಲಕ್ಷಣವೆಂದು ತಿಳಿಯಿರಿ.