ಹಂದಿಮರಿ ಕೊಳ್ಳುವ ಮೊದಲು ಗಂಡು ಹಂದಿಯ ವಂಶ ಕೇಳಿ



ಶಿರವಾಡ, ಕಾರವಾರ, ಅಂಕೋಲಾ ಕಡೆ ಕ್ರಿಸ್ಮಸ್, ಊರ ಫೆಸ್ತ, ಮದುವೆ ಬಂತೆಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಹಂದಿಮಾಂಸ ಬೇಕೇ ಬೇಕು. ಸಂಘದಿಂದ ಸಾಲ ತೆಗೆದು ನಾಲ್ಕು ಮರಿ ಸಾಕಿದರೆ ಹಬ್ಬದ ಹೊತ್ತಿಗೆ ಕೈಗೆ ಕಾಸು ಬರುತ್ತದೆ ಎಂಬ ಲೆಕ್ಕ ಸರಿಯೇ. ಆದರೆ ಒಳ್ಳೆ ತೂಕ ಬಂದ ಹಂದಿಯೂ ಕೆಲವೊಮ್ಮೆ ನಷ್ಟ ತರುತ್ತದೆ. ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ. ಬೇಯಿಸಿದರೆ ಕುಗ್ಗಿ ಒಣಕಲಾಗುತ್ತದೆ. ಆಗಷ್ಟೇ ಕೊಯ್ದದ್ದಾದರೂ ಗಿರಾಕಿ "ಇದು ಹಳೇ ಮಾಂಸ" ಅಂತ ದೂರುತ್ತಾರೆ. ಇದಕ್ಕೆ ಮುಖ್ಯ ಕಾರಣ ಎರಡು: ಹಂದಿಯ ವಂಶ ಮತ್ತು ಕೊನೆಯ ದಿನ ನಾವು ಅದನ್ನು ನಡೆಸಿಕೊಂಡ ರೀತಿ.

ವಂಶದಲ್ಲಿ ಏನಿದೆ?

ಮರಿಗೆ ವಂಶವಾಹಿಗಳು (ಜೀನ್) ಜೋಡಿಯಾಗಿ ಬರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಒಂದು ಬಾಗಿಲು ಇದೆ. ಆ ಬಾಗಿಲಿನ ವಂಶವಾಹಿ ಕೆಟ್ಟಿದ್ದರೆ, ಹಂದಿ ಹೆದರಿದಾಗ ಬಾಗಿಲು ಮುಚ್ಚುವುದೇ ಇಲ್ಲ. ಸ್ನಾಯು ಬಿಗಿದು, ಮೈ ಕಾಯುತ್ತದೆ, ಆಮ್ಲ ಹೆಚ್ಚುತ್ತದೆ. ಬಿಸಿ ಮತ್ತು ಆಮ್ಲ ಒಟ್ಟಿಗೆ ಸೇರಿದಾಗ ಮಾಂಸ ನೀರು ಹಿಡಿದಿಡಲಾರದು. ಕೆಲವು ಹಂದಿಗಳು ಲಾರಿಯಲ್ಲೇ ಸತ್ತುಹೋಗುತ್ತವೆ.

ಹಿಂದೆ ಇದನ್ನು ಕಂಡುಹಿಡಿಯಲು ಹಂದಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆ ಅನಿಲ ಮೂಸಿಸುತ್ತಿದ್ದರು. ಕಾಲು ಸೆಟೆದುಕೊಂಡರೆ ದೋಷ ಇದೆ ಎಂದರ್ಥ. ಅದಕ್ಕೇ ಇದಕ್ಕೆ ಹ್ಯಾಲೋಥೇನ್ ಜೀನ್ ಎಂಬ ಹೆಸರು. 1991ರಲ್ಲಿ ಕೆನಡಾದ ವಿಜ್ಞಾನಿಗಳು ಈ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಗುರುತಿಸಿದರು. ಈಗ ಒಂದು ಹನಿ ರಕ್ತ ಅಥವಾ ಬುಡಸಮೇತ ಕಿತ್ತ ಕೆಲವು ಕೂದಲು ಸಾಕು, ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆ.

ಈ ದೋಷ ಹರಡಿದ್ದು ಹೇಗೆ? ಇದಿರುವ ಹಂದಿಯಲ್ಲಿ ಕೊಬ್ಬು ಕಡಿಮೆ, ತೊಡೆ ತುಂಬಿರುತ್ತದೆ. ಅಂಥ ಚಂದದ ಹಂದಿಯನ್ನೇ ಜನ ಆರಿಸಿ ತಳಿ ಬೆಳೆಸಿದರು. ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ ಇದು ಹೆಚ್ಚು ಕಂಡುಬಂದಿತು. ಆದ್ದರಿಂದ ಬರೀ ತೊಡೆ ನೋಡಿ ಮರಿ ಆರಿಸಬೇಡಿ.

ಹ್ಯಾಂಪ್‌ಶೈರ್ ತಳಿಯಲ್ಲಿ ಇನ್ನೊಂದು ದೋಷವಿದೆ. 2000ದಲ್ಲಿ ಗುರುತಿಸಿದ ಈ ವಂಶವಾಹಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು, ಮಾಂಸ ಹುಳಿಯಾಗಿ, ಬೇಯಿಸಿದಾಗ ತೂಕ ಕಳೆದುಕೊಳ್ಳುತ್ತದೆ.

ಲೆಕ್ಕ ಹೀಗಿದೆ

ಹ್ಯಾಲೋಥೇನ್ ದೋಷ ತಂದೆಯಲ್ಲೂ ತಾಯಿಯಲ್ಲೂ ಒಂದೊಂದು ಇದ್ದರೆ, 8 ಮರಿಗಳಲ್ಲಿ ಸರಾಸರಿ 2 ಮರಿಗೆ ಎರಡೂ ಕಡೆಯಿಂದ ದೋಷ ಬರುತ್ತದೆ. 4 ಮರಿಗೆ ಒಂದು ಕಡೆಯಿಂದ ಬರುತ್ತದೆ. 2 ಮರಿ ಶುದ್ಧ. ಗಂಡು ಹಂದಿ ಶುದ್ಧವಾಗಿದ್ದರೆ? ಒಂದು ಮರಿಗೂ ಜೋಡಿ ದೋಷ ಬರುವುದಿಲ್ಲ. ಒಂದು ಗಂಡು ಹಂದಿ ಊರಿನ ಎಷ್ಟೋ ಹೆಣ್ಣು ಹಂದಿಗಳಿಗೆ ಆಗುತ್ತದೆ. ಹಾಗಾಗಿ ಎಲ್ಲ ಹಂದಿಯನ್ನೂ ಪರೀಕ್ಷೆ ಮಾಡಿಸಬೇಕಾಗಿಲ್ಲ. ಸಂಘದವರು ಸೇರಿ ಒಂದು ಒಳ್ಳೆ ಗಂಡು ಹಂದಿ ಕೊಂಡರೆ ಅರ್ಧ ಕೆಲಸ ಮುಗಿದಂತೆ. ಪರೀಕ್ಷೆ ಮಾಡಿಸಬೇಕಾದದ್ದು ತಳಿ ಮಾರುವ ಫಾರ್ಮಿನವರು, ಕೇಳಬೇಕಾದದ್ದು ನಾವು.

ಊರ ಹಂದಿಯನ್ನು ಕಡೆಗಣಿಸಬೇಡಿ

ಕಾರವಾರಕ್ಕೆ ತಾಗಿಕೊಂಡ ಗೋವಾದ ಕಾಣಕೋಣ ತಾಲೂಕಿನಲ್ಲಿ ಅಗೊಂದ ಎಂಬ ಊರಿದೆ. ಅದೇ ಹೆಸರಿನ ಊರ ಹಂದಿ "ಅಗೊಂದ ಗೋವನ್" ಎಂದು ರಾಷ್ಟ್ರಮಟ್ಟದಲ್ಲಿ ನೋಂದಾಯಿತ ತಳಿ. ಮೈ ಸಣ್ಣದು, ಆದರೆ ನಮ್ಮ ಕರಾವಳಿಯ ಹವೆಗೆ ಒಗ್ಗಿದ್ದು. ತೂಕ ಬೇಕೆನ್ನುವವರು ಊರ ಹೆಣ್ಣು ಹಂದಿಗೆ ವಂಶ ಗೊತ್ತಿರುವ ಬಿಳಿ ಯಾರ್ಕ್‌ಶೈರ್ ಗಂಡು ಹಂದಿ ಕೊಡಿಸಬಹುದು.

ನಾವು ಮಾಡಬಹುದಾದದ್ದು

1. ಮರಿ ಕೊಳ್ಳುವಾಗ ತಂದೆ-ತಾಯಿಯ ತಳಿ ಕೇಳಿ ಬರೆದಿಟ್ಟುಕೊಳ್ಳಿ.
2. ಸ್ವಲ್ಪ ಓಡಿಸಿದ್ದಕ್ಕೇ ಬಾಲ ನಡುಗಿ, ಏದುಸಿರು ಬಂದು, ಚರ್ಮದಲ್ಲಿ ಕೆಂಪು ಕಲೆ ಎದ್ದರೆ ಆ ಹಂದಿಯನ್ನು ತಳಿಗೆ ಇಡಬೇಡಿ.
3. ಸಾಗಿಸುವುದಿದ್ದರೆ ಬೆಳಗಿನ ತಂಪಿನಲ್ಲಿ ಸಾಗಿಸಿ. ಹೊಡೆಯಬೇಡಿ, ಕಾಲು ಕಟ್ಟಿ ಬೈಕಿನಲ್ಲಿ ನೇತುಹಾಕಬೇಡಿ. ಅಪರಿಚಿತ ಹಂದಿಗಳನ್ನು ಒಂದೇ ಕಡೆ ಕೂಡಬೇಡಿ.
4. ಕೊಯ್ಯುವ ಮೊದಲು ಮೇವು ನಿಲ್ಲಿಸಿ ವಿಶ್ರಾಂತಿ ಕೊಡಿ. ನೀರು ಮಾತ್ರ ಸದಾ ಇರಲಿ. ವಂಶ ಶುದ್ಧವಿದ್ದರೂ ಹೆದರಿ ಬಳಲಿದ ಹಂದಿಯ ಮಾಂಸ ಕೆಡುತ್ತದೆ.
5. ಹಂದಿ ಏಕಾಏಕಿ ಸತ್ತರೆ ಜೀನ್ ದೋಷ ಅಂದುಕೊಂಡು ಸುಮ್ಮನಾಗಬೇಡಿ, ಮಾಂಸ ಮಾರಬೇಡಿ. 2020ರಲ್ಲಿ ಭಾರತಕ್ಕೆ ಆಫ್ರಿಕನ್ ಹಂದಿ ಜ್ವರ ಬಂದಿದೆ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿ

* ನಮ್ಮ ಊರಿನಲ್ಲಿ ಈಗ ಯಾರ ಗಂಡು ಹಂದಿ ಬಳಸುತ್ತಿದ್ದೇವೆ? ಅದರ ವಂಶ ಗೊತ್ತೇ?
* ಹಂದಿ ಸಾಕುವ ಸದಸ್ಯರು ಸೇರಿ ಒಂದು ಗಂಡು ಹಂದಿ ಕೊಳ್ಳಲು ತಲಾ ಎಷ್ಟು ಹಾಕಬೇಕಾದೀತು? ಅದನ್ನು ಯಾರ ಮನೆಯಲ್ಲಿ ಸಾಕುವುದು?