ಶುಭಾಶಯ ಪತ್ರದ ಒಳಹಾಳೆ: ಅಳತೆ, ಮಡಿಕೆ ಮತ್ತು ಒತ್ತಕ್ಷರ

ಮಕರ ಸಂಕ್ರಮಣದ ದಿನ ಎಳ್ಳುಬೆಲ್ಲದೊಡನೆ ಶುಭಾಶಯ ಪತ್ರಗಳನ್ನೂ ಕಳುಹಿಸುವ ರೂಢಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬಹುಕಾಲ ನಡೆದುಬಂದಿತು. ಸಾಂಗಲಿ-ಮಿರಜಗಳ ಕನ್ನಡ ಮನೆತನಗಳಿಗೆ ಇದು ಎರಡೂ ಕಡೆಯಿಂದ ಬಂದ ಬಳುವಳಿ. ಕುಸುರೆಳ್ಳಿನ ಚಿತ್ರವುಳ್ಳ ಪತ್ರಗಳು ಜತ್ತ, ಅಥಣಿ, ಬೆಳಗಾವಿ, ವಿಜಯಪುರಗಳ ಬಂಧುಗಳ ಮನೆಗೆ ಅಂಚೆಯ ಮೂಲಕ ಹೋಗುತ್ತಿದ್ದವು. ಕಿಸೆಯೊಳಗಿನ ದೂರವಾಣಿಯಲ್ಲಿಯೇ ಶುಭಾಶಯ ಹೇಳುವ ಕಾಲ ಬಂದ ಮೇಲೆ ಆ ಪತ್ರಗಳ ರಾಶಿ ಕರಗಿತು. ಆದರೆ ಮಕ್ಕಳು ಕೈಯಾರೆ ಮಾಡಿದ ಪತ್ರಕ್ಕೆ ಮಾತ್ರ ಬೆಲೆ ಇಳಿದಿಲ್ಲ. ಕಾರ್ಯಾನುಭವದ ತಾಸಿನಲ್ಲಿ ಅವನ್ನು ಮಾಡಿಸುವ ಶಿಕ್ಷಕರೂ ಇದ್ದಾರೆ. ಈ ಲೇಖನವು ಅಂತಹ ಪತ್ರದ ಹೊರಗಿನ ಅಲಂಕಾರವನ್ನು ಕುರಿತದ್ದಲ್ಲ. ಅದರೊಳಗೆ ಸೇರಿಸುವ ಮುದ್ರಿತ ಒಳಹಾಳೆಯನ್ನು ಕುರಿತದ್ದು.

ಒಳಹಾಳೆ ಏತಕ್ಕೆ ಬೇಕು? ಕೈಕಾಗದ ದಪ್ಪವಾಗಿರುತ್ತದೆ, ಮೈ ಒರಟಾಗಿರುತ್ತದೆ. ಬೀಜ, ಎಲೆ, ದಾರ, ಬಟ್ಟೆಯ ಚೂರುಗಳನ್ನು ಅಂಟಿಸಿದ ಮೇಲಂತೂ ಅದು ಯಾವ ಪ್ರಿಂಟರಿನೊಳಗೂ ನುಗ್ಗಲಾರದು. ನುಗ್ಗಿದರೂ ಶಾಯಿ ಒಡೆದು ಹರಡುತ್ತದೆ. ಆದುದರಿಂದ ತೆಳುವಾದ ಬಿಳಿಯ ಹಾಳೆಯ ಮೇಲೆ ಬರಹವನ್ನು ಮುದ್ರಿಸಿ, ಮಡಿಸಿ, ಪತ್ರದ ಮಡಿಕೆಯೊಳಗೆ ಕೂಡಿಸುತ್ತಾರೆ. ಕೇಳಲು ಸುಲಭವಾದ ಈ ಕೆಲಸ ಮಾಡಹೊರಟಾಗ ಎರಡು ಕಡೆ ಕೆಡುತ್ತದೆ: ಬರಹ ಪುಟದ ನಡುವೆ ನಿಲ್ಲದೆ ಓರೆಗೆ ಸರಿಯುತ್ತದೆ, ಕನ್ನಡದ ಬರಹವಾದರೆ ಅಕ್ಷರವೇ ಅಂಗಹೀನವಾಗುತ್ತದೆ.

ಎರಡನೆಯ ಕೇಡನ್ನು ನಾನು ಕಣ್ಣಾರೆ ಕಂಡೆ. ಒಂದು ವರ್ಷ ಸಂಕ್ರಮಣದ ಪತ್ರಗಳಿಗಾಗಿ ಮಕ್ಕಳು ಬರೆದ ಸಾಲುಗಳನ್ನು ಒಂದು ಮುದ್ರಣಾಲಯಕ್ಕೆ ಕೊಟ್ಟಿದ್ದೆವು. ಅಲ್ಲಿ ಬೆರಳಚ್ಚು ಮಾಡಿದವರಿಗೆ ಕನ್ನಡ ಓದಲು ಬಾರದು. ಹಾಳೆಗಳು ಬಂದಾಗ ಸಾಲುಗಳ ಕೆಳಗಿನ ಒತ್ತಕ್ಷರಗಳೆಲ್ಲ ಕತ್ತರಿಸಿಹೋಗಿದ್ದವು. ಎಳ್ಳು ಬೆಲ್ಲವು ‘ಎಳು ಬೆಲ’ ಆಗಿತ್ತು. ಒಬ್ಬ ವಿದ್ಯಾರ್ಥಿ ಅಥಣಿಯ ಕಡೆಯ ಹಳ್ಳಿಯಲ್ಲಿದ್ದ ತನ್ನ ಅಜ್ಜನಿಗೆ ನಮಸ್ಕಾರ ಬರೆದಿದ್ದ. ಅದು ‘ಅಜನಿಗೆ’ ಎಂದು ಅಚ್ಚಾಗಿತ್ತು. ಅಜವೆಂದರೆ ಆಡು. ಬ್ರಹ್ಮನೆಂಬ ಅರ್ಥವೂ ಉಂಟೆಂದು ನಾನು ಹುಡುಗನಿಗೆ ಸಮಾಧಾನ ಹೇಳಿದೆನಾದರೂ ಅವನು ಒಪ್ಪಲಿಲ್ಲ. ಕನ್ನಡವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾತ್ರ ಕಾಣುವ ಮಗು ತನ್ನ ಬರಹ ಮೊದಲ ಬಾರಿಗೆ ಅಚ್ಚಾದುದನ್ನು ನೋಡುವಾಗ ಹೀಗಾಗಬಾರದಿತ್ತು. ಅಂದಿನಿಂದ ಈ ಕೆಲಸವನ್ನು ನಾವೇ ಮಾಡಿಕೊಳ್ಳತೊಡಗಿದೆವು.

ಆ ಬೆರಳಚ್ಚುಗಾರರನ್ನು ದೂರುವುದು ನ್ಯಾಯವಲ್ಲ. ನಮ್ಮ ಊರುಗಳ ಮುದ್ರಣ ಪರಂಪರೆ ಬಹು ಹಳೆಯದು, ಆದರೆ ಅದು ನಾಗರಿ ಲಿಪಿಯದು. ನಾನಾ ಫಡ್ನವೀಸರ ಕಾಲದಲ್ಲಿ ಪುಣೆಯಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟನ ನೆರವಿನಿಂದ ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆಯಲು ಕಲಿತ ತಾಂಬಟನೊಬ್ಬ ಮುಂದೆ ಮಿರಜಕ್ಕೆ ಬಂದ. ಇಲ್ಲಿನ ಸಂಸ್ಥಾನಿಕರಾದ ಗಂಗಾಧರರಾವ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಭಗವದ್ಗೀತೆಯು ತಾಮ್ರದ ಫಲಕಗಳಿಂದ ಮುದ್ರಿತವಾಯಿತು. ಅಂತಹ ಮುದ್ರಣದಲ್ಲಿ ಪ್ರತಿಯೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಕೊರೆಯಬೇಕು. ಒಮ್ಮೆ ಕೊರೆದ ಸಾಲನ್ನು ಒಂದು ಕೂದಲಿನಷ್ಟೂ ಸರಿಸಲಾಗದು. ಮುಂದೆ ಇದೇ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ 1920ರಲ್ಲಿ ಆರಂಭವಾದ ಪತ್ರಿಕೆಯೂ ಮರಾಠಿಯದೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಬಂದಿತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಒತ್ತಕ್ಷರಕ್ಕೆ ಬೇಕಾದ ಸ್ಥಳವನ್ನು ಬರೆಯುವವನ ಕೈಯೇ ಬಿಟ್ಟುಕೊಳ್ಳುತ್ತದೆ.

ಎರಡು ಲಿಪಿಗಳ ಕಟ್ಟಡದಲ್ಲಿರುವ ಭೇದವನ್ನು ತಿಳಿದರೆ ‘ಅಜ್ಜ’ನು ‘ಅಜ’ನಾದ ಕಾರಣ ತಿಳಿಯುತ್ತದೆ. ನಾಗರಿಯಲ್ಲಿ ಸಂಯುಕ್ತಾಕ್ಷರವು ಬಹುಮಟ್ಟಿಗೆ ಅಡ್ಡವಾಗಿ ಬೆಳೆಯುತ್ತದೆ. ಅರ್ಧ ಜಕಾರ ಎಡಕ್ಕೆ, ಪೂರ್ಣ ಜಕಾರ ಬಲಕ್ಕೆ, ಎರಡೂ ಒಂದೇ ಶಿರೋರೇಖೆಗೆ ತೂಗುಬಿದ್ದಿರುತ್ತವೆ. ಕನ್ನಡದಲ್ಲಿ ಎರಡನೆಯ ವ್ಯಂಜನ ಮೊದಲನೆಯದರ ಅಡಿಗೆ ಇಳಿಯುತ್ತದೆ. ‘ರಾಷ್ಟ್ರ’ದಂತಹ ಶಬ್ದದಲ್ಲಿ ಎರಡು ಒತ್ತುಗಳು ಒಂದರೊಡನೊಂದು ಇಕ್ಕಟ್ಟಾಗಿ ಕೂಡುತ್ತವೆ. ನಾಗರಿಗೆ ಸಾಕಾಗುವ ಸಾಲಿನ ಅಂತರವನ್ನು ಗಣಕದಲ್ಲಿ ಬಿಗಿಯಾಗಿ ಗೊತ್ತುಪಡಿಸಿ ಅದೇ ಚೌಕಟ್ಟಿನಲ್ಲಿ ಕನ್ನಡವನ್ನು ತುಂಬಿದರೆ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ ಅಥವಾ ತುಂಡಾಗುತ್ತವೆ. ಎಳ್ಳು, ಬೆಲ್ಲ, ಸಂಕ್ರಾಂತಿ, ಒಳ್ಳೆಯ, ಅಜ್ಜ, ಅಮ್ಮ, ಅಕ್ಕ, ಅಣ್ಣ: ಹಬ್ಬದ ಪತ್ರದಲ್ಲಿ ಬರುವ ಮಾತುಗಳಲ್ಲಿ ಒತ್ತಿಲ್ಲದ್ದನ್ನು ಹುಡುಕುವುದೇ ಕಷ್ಟ. ಮನೆಯ ಮಾತುಗಳೇ ಮೊದಲು ಕೆಡುತ್ತವೆ.

ಇನ್ನು ಅಳತೆಯ ವಿಚಾರ. ಒಂದು ಉದಾಹರಣೆಯನ್ನು ಹಿಡಿದುಕೊಂಡು ಕೊನೆಯವರೆಗೆ ನಡೆಯುವುದೇ ಉತ್ತಮ. 210 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಕೈಕಾಗದವನ್ನು ನಡುವೆ ಮಡಿಸಿದರೆ 105 ಮಿ.ಮೀ. ಅಗಲದ, ಪುಸ್ತಕದಂತೆ ತೆರೆಯುವ ಪತ್ರ ಸಿದ್ಧವಾಗುತ್ತದೆ. ಒಳಹಾಳೆಯು ಇದಕ್ಕಿಂತ ಚಿಕ್ಕದಾಗಿರಬೇಕು, ಹೊರಗೆ ಇಣುಕಬಾರದು. ಬಿಡಿಸಿದಾಗ 200 ಮಿ.ಮೀ. ಅಗಲ, 140 ಮಿ.ಮೀ. ಎತ್ತರವಿದ್ದರೆ ಹೊರ ಅಂಚಿನಲ್ಲಿ 5 ಮಿ.ಮೀ., ಮೇಲೆ ಕೆಳಗೆ 4 ಮಿ.ಮೀ. ಒಳಗೆ ಸರಿದು ನಿಲ್ಲುತ್ತದೆ. 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರದ ಎ4 ಹಾಳೆಯನ್ನು ನೆಟ್ಟಗೆ ಇಟ್ಟರೆ ಇಂತಹ ಎರಡು ಒಳಹಾಳೆಗಳು ಒಂದರ ಕೆಳಗೊಂದು ಕೂಡುತ್ತವೆ. ಎರಡು ಪಕ್ಕಗಳಲ್ಲಿ 5 ಮಿ.ಮೀ.ನಂತೆ, ಮೇಲೆ ಕೆಳಗೆ 8.5 ಮಿ.ಮೀ.ನಂತೆ ಅಂಚು ಉಳಿಯುತ್ತದೆ.

ಗಣಕದಲ್ಲಿ ಎರಡು ಕಂಬ, ಎರಡು ಸಾಲುಗಳ ಕೋಷ್ಟಕವೊಂದನ್ನು ಮಾಡಿರಿ. ಪ್ರತಿ ಮನೆಯ ಅಗಲ 100 ಮಿ.ಮೀ., ಎತ್ತರ 140 ಮಿ.ಮೀ. ಗೆರೆಗಳು ಅಚ್ಚಾಗದಂತೆ ಮಾಡಿರಿ. ಈಗ ಹಾಳೆಯ ಎಡ ಅಂಚಿನಿಂದ 105 ಮಿ.ಮೀ. ದೂರದಲ್ಲಿ ಮಡಿಕೆ ಬರುತ್ತದೆ. ಬಲಪುಟದ ನಡುಗೆರೆ 155 ಮಿ.ಮೀ.ನಲ್ಲಿ, ಎಡಪುಟದ್ದು 55 ಮಿ.ಮೀ.ನಲ್ಲಿ. ಬಲಪುಟದಲ್ಲಿ 76 ಮಿ.ಮೀ. ಅಗಲದ ಬರಹವಿರಲಿ, ಮಡಿಕೆಯ ಕಡೆ 12, ಹೊರಗಡೆ 12 ಮಿ.ಮೀ. ಬಿಳಿಯ ಜಾಗ ಉಳಿಯುತ್ತದೆ. ಎತ್ತರದ ವಿಷಯದಲ್ಲಿ ಮಾತ್ರ ಲೆಕ್ಕವನ್ನು ಕಣ್ಣಿಗೆ ಒಪ್ಪಿಸಬೇಕು. 50 ಮಿ.ಮೀ. ಎತ್ತರದ ಬರಹವನ್ನು ಸರಿಯಾಗಿ ನಡುವೆ ಇಟ್ಟರೆ ಮೇಲೆ ಕೆಳಗೆ 45 ಮಿ.ಮೀ. ಉಳಿಯುತ್ತದೆ, ಆದರೆ ಅದು ಕೆಳಕ್ಕೆ ಜಾರಿದಂತೆ ಕಾಣುತ್ತದೆ. ಮೇಲೆ 38, ಕೆಳಗೆ 52 ಬಿಟ್ಟರೆ ನಡುವೆ ನಿಂತಂತೆ ಕಾಣುತ್ತದೆ. ಹಾಗಾದರೆ ಮೊದಲ ಒಳಹಾಳೆಯ ಬರಹ ಎ4 ಹಾಳೆಯ ಮೇಲಂಚಿನಿಂದ 46.5 ಮಿ.ಮೀ.ನಲ್ಲಿಯೂ ಎರಡನೆಯದು 186.5 ಮಿ.ಮೀ.ನಲ್ಲಿಯೂ ಆರಂಭವಾಗಬೇಕು. ವಿದ್ಯಾರ್ಥಿಗಳು ಈ ಎರಡು ಅಂಕಿಗಳನ್ನು ತಾವೇ ಕೂಡಿ ನೋಡಿಕೊಳ್ಳಲಿ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಮೊದಲ ಹಾಳೆ ಹೊರಬಂದಾಗ ನಿರಾಶೆಯಾಗುತ್ತದೆ. ಕಾರಣ ಎರಡು. ಮುದ್ರಿಸುವ ಆದೇಶ ಕೊಡುವಾಗ ಪುಟವನ್ನು ಹಾಳೆಗೆ ಹೊಂದಿಸುವ ಆಯ್ಕೆ ತಾನಾಗಿ ಗುರುತಾಗಿದ್ದರೆ ಬರಹವೆಲ್ಲ ನೂರಕ್ಕೆ ಮೂರೋ ನಾಲ್ಕೋ ಪಾಲು ಕುಗ್ಗುತ್ತದೆ. ನಿಜವಾದ ಗಾತ್ರದಲ್ಲಿಯೇ, ಅಂದರೆ ನೂರಕ್ಕೆ ನೂರರಲ್ಲಿ, ಮುದ್ರಿಸಬೇಕು. ಎರಡನೆಯದು ಯಂತ್ರದ ಸ್ವಭಾವ. ಪ್ರಿಂಟರು ಪ್ರತಿ ಹಾಳೆಯನ್ನೂ ಒಂದೇ ಸ್ಥಾನದಿಂದ ಎಳೆದುಕೊಳ್ಳುವುದಿಲ್ಲ, ಒಂದು ಮಿ.ಮೀ. ಅತ್ತ, ಒಂದು ಮಿ.ಮೀ. ಇತ್ತ ಸರಿಯುವುದುಂಟು. ಹಾಳೆಯ ಅಂಚನ್ನು ಅಂಚಿಗೆ ಕೂಡಿಸಿ ಮಡಿಸಿದರೆ ಆ ದೋಷವು ಎದ್ದು ಕಾಣುತ್ತದೆ.

ಆದುದರಿಂದ ಹಾಳೆಯ ಅಂಚನ್ನು ನಂಬದೆ ಮಡಿಕೆಯನ್ನು ನಂಬಬೇಕು. ಹಾಳೆಯ ಮೇಲಂಚಿನಲ್ಲಿ ಮತ್ತು ಕೆಳ ಅಂಚಿನಲ್ಲಿ ಉಳಿದಿರುವ 8.5 ಮಿ.ಮೀ. ಜಾಗದೊಳಗೆ, 105 ಮಿ.ಮೀ.ಗೆ ಸರಿಯಾಗಿ, 3 ಮಿ.ಮೀ. ಉದ್ದದ ಒಂದೊಂದು ಸಣ್ಣ ಗೆರೆಯನ್ನು ಬರಹದೊಡನೆಯೇ ಮುದ್ರಿಸಿರಿ. ಗೆರೆ ಒಳಹಾಳೆಗೆ ತಾಗುವಂತಿರಲಿ. ಬಹುತೇಕ ಪ್ರಿಂಟರುಗಳು ಹಾಳೆಯ ತೀರ ಅಂಚಿನ ನಾಲ್ಕೈದು ಮಿ.ಮೀ. ಜಾಗದಲ್ಲಿ ಏನನ್ನೂ ಮುದ್ರಿಸಲಾರವು. ಬರಹ ಸರಿದರೆ ಗೆರೆಯೂ ಅಷ್ಟೇ ಸರಿಯುತ್ತದೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು, ಬರೆಯದಿರುವ ಬಾಲ್‌ಪೆನ್ನಿನ ಮೊನೆಯಿಂದ ಒತ್ತಿ ಎಳೆದು, ಆ ಗುರುತಿನ ಮೇಲೆ ಮಡಿಸಬೇಕು. ಮಡಿಸಿದ ಮೇಲೆಯೇ ಕತ್ತರಿಸಬೇಕು: ಮಡಿಕೆಯಿಂದ 100 ಮಿ.ಮೀ. ಅಳೆದು ಎರಡು ಪದರಗಳನ್ನೂ ಒಟ್ಟಿಗೆ ಕತ್ತರಿಸಿದರೆ ಎರಡೂ ಪುಟಗಳು ಸಮನಾಗುತ್ತವೆ. ಪಕ್ಕದ 5 ಮಿ.ಮೀ. ಅಂಚು ಯಂತ್ರದ ತಪ್ಪನ್ನು ನುಂಗಿಕೊಳ್ಳುತ್ತದೆ. ಮೊದಲು ಕತ್ತರಿಸಿ ಆಮೇಲೆ ಮಡಿಸುವವರು ಕೆಲಸವನ್ನು ಹಿಂದುಮುಂದಾಗಿ ಮಾಡುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ.

ಕನ್ನಡದ ಸಾಲುಗಳಿಗೆ ಅಕ್ಷರದ ಗಾತ್ರದ ಒಂದೂವರೆಯಷ್ಟಾದರೂ ಅಂತರ ಬೇಕು. 14 ಪಾಯಿಂಟಿನ ಅಕ್ಷರಕ್ಕೆ 21 ಅಥವಾ 22 ಪಾಯಿಂಟು. ಹಳೆಯ ಕನ್ನಡ ಅಚ್ಚುಕೂಟಗಳಲ್ಲಿ ಸಾಲು ತುಂಬಿದೊಡನೆ ಶಬ್ದವನ್ನು ಎಲ್ಲೆಂದರಲ್ಲಿ ಒಡೆದು ಮುಂದಿನ ಸಾಲಿಗೆ ಒಯ್ಯುತ್ತಿದ್ದರು. ದೊಡ್ಡ ಪುಸ್ತಕದಲ್ಲಿ ಅದು ಸಾಗೀತು, ನಾಲ್ಕು ಸಾಲಿನ ಶುಭಾಶಯದಲ್ಲಿ ಸಲ್ಲದು. ಅರ್ಥಕ್ಕೆ ತಕ್ಕಂತೆ ಸಾಲನ್ನು ನಾವೇ ಮುರಿಯಬೇಕು. ಎಡಪುಟದಲ್ಲಿ ಮರಾಠಿ, ಬಲಪುಟದಲ್ಲಿ ಕನ್ನಡ ಇರುವ ಪತ್ರ ನಮ್ಮ ಭಾಗಕ್ಕೆ ಬಹಳ ಒಪ್ಪುತ್ತದೆ, ನೆರೆಮನೆಯವರೂ ಓದಿಯಾರು. ಆದರೆ ಎರಡಕ್ಕೂ ಒಂದೇ ಪಾಯಿಂಟಿನ ಅಂಕಿ ಕೊಟ್ಟರೆ ಕಣ್ಣಿಗೆ ಒಂದೇ ಗಾತ್ರವಾಗಿ ಕಾಣಬೇಕೆಂದಿಲ್ಲ. ಅಚ್ಚು ಮಾಡಿ, ಕೈಯಳತೆಯ ದೂರದಲ್ಲಿ ಹಿಡಿದು, ಚಿಕ್ಕದಾಗಿ ಕಂಡುದನ್ನು ಅರ್ಧ ಅರ್ಧ ಪಾಯಿಂಟು ಏರಿಸಬೇಕು. ಎರಡೂ ಪುಟಗಳ ಮೊದಲ ಸಾಲು ಒಂದೇ ಮಟ್ಟದಲ್ಲಿರಲಿ. ಕೊನೆಯ ಸಾಲು ಒಂದೇ ಮಟ್ಟಕ್ಕೆ ಬರಲೆಂದು ಕನ್ನಡದ ಅಂತರವನ್ನು ಹಿಂಡಬಾರದು.

ಮುದ್ರಣಕ್ಕೆ ಹೊರಗೆ ಕೊಡುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ನಮ್ಮ ಶುಭಾಶಯ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರಕಿತಾದರೂ ಪುಟವಿನ್ಯಾಸದ ಹಳೆಯ ತಂತ್ರಾಂಶಗಳು ಅದನ್ನು ಅರಿಯದೆ ಒತ್ತಕ್ಷರವನ್ನು ಬಿಡಿಸಿ ಪಕ್ಕಪಕ್ಕದಲ್ಲಿ ಇಟ್ಟುಬಿಡುತ್ತವೆ. ಆದುದರಿಂದ ಯೂನಿಕೋಡಿನಲ್ಲಿ ನಾವೇ ಬೆರಳಚ್ಚು ಮಾಡಿ, ಪಿಡಿಎಫ್ ರೂಪಕ್ಕೆ ತಂದು, ಅದನ್ನೇ ಕೊಡಬೇಕು. ಫಾಂಟು ಅದರೊಳಗೇ ಅಡಗಿರುತ್ತದೆ. ಆದರೂ ಕರಡಚ್ಚನ್ನು ನೋಡದೆ ನೂರು ಪ್ರತಿಗಳಿಗೆ ಒಪ್ಪಿಗೆ ಕೊಡಬಾರದು.

ಕಾಗದ ಮತ್ತು ಅಂಟಿನ ಬಗೆಗೆ ಎರಡು ಮಾತು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಒಂದು ದಿಕ್ಕಿಗೆ ಒರಗಿರುತ್ತವೆ. ಎ4 ಹಾಳೆಯಲ್ಲಿ ಅವು ಸಾಮಾನ್ಯವಾಗಿ ಉದ್ದದ ಕಡೆಗೆ ಓಡುತ್ತವೆ. ನಮ್ಮ ಮಡಿಕೆಯೂ ಉದ್ದಕ್ಕೇ ಇರುವುದರಿಂದ ಬಿರಿಯದೆ ನಯವಾಗಿ ಕೂಡುತ್ತದೆ. ಶಾಯಿ ತುಂತುರಿಸುವ ಪ್ರಿಂಟರಿನ ಬಣ್ಣ ಅನೇಕ ವೇಳೆ ನೀರು ತಾಗಿದರೆ ಕದಡುತ್ತದೆ, ಲೇಸರ್ ಪ್ರಿಂಟರಿನ ಪುಡಿ ಕಾಗದಕ್ಕೆ ಕರಗಿ ಅಂಟಿರುವುದರಿಂದ ಕದಡುವುದಿಲ್ಲ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯ ಮಹಾಪೂರವನ್ನು ಕಂಡ ಸಾಂಗಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈದಾ ಸರಿ ಹಚ್ಚಿದರೆ ತೆಳುಹಾಳೆ ಸುಕ್ಕುಗಟ್ಟುತ್ತದೆ. ಒಣ ಅಂಟುಕಡ್ಡಿಯಿಂದ, ಬಲಪುಟದ ಬೆನ್ನಿಗೆ ಮಡಿಕೆಯ ಪಕ್ಕದಲ್ಲಿ 3 ಮಿ.ಮೀ. ಅಗಲದ ಒಂದು ಪಟ್ಟಿ ಹಚ್ಚಿದರೆ ಸಾಕು. ಹಾಳೆಯ ಉಳಿದ ಭಾಗ ಸ್ವತಂತ್ರವಾಗಿರಲಿ. ನಮ್ಮ ಪೇಟೆಯ ಹೆಸರುವಾಸಿ ಅರಿಶಿನದಿಂದ ಹೊರಪತ್ರಕ್ಕೆ ಬಣ್ಣ ಕೊಡುವ ಆಸೆ ಮಕ್ಕಳಿಗೆ ಸಹಜ. ಸುಣ್ಣದ ಅಥವಾ ಸಾಬೂನಿನ ಕೈ ತಾಗಿದರೆ ಅದು ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ, ಹಸಿಯಾಗಿದ್ದರೆ ಒಳಹಾಳೆಗೂ ಹತ್ತುತ್ತದೆ. ಎರಡು ದಿನ ನೆರಳಿನಲ್ಲಿ ಒಣಗಿಸಿ ಆಮೇಲೆ ಒಳಹಾಳೆಯನ್ನು ಕೂಡಿಸಬೇಕು.

ಅಂಟಿಗಿಂತ ನನಗೆ ದಾರವೇ ಮೆಚ್ಚು. ಒಳಹಾಳೆಯನ್ನು ಪತ್ರದೊಳಗಿಟ್ಟು, ಎರಡನ್ನೂ ಬಟ್ಟೆಯ ಚಿಮಟಿಯಿಂದ ಹಿಡಿದು, ಮಡಿಕೆಯ ಮೇಲೆ ಮೂರು ಕಡೆ ಸೂಜಿಯಿಂದ ಚುಚ್ಚಿ ಹತ್ತಿಯ ದಾರವನ್ನು ಹಾಯಿಸಿ ಗಂಟು ಹಾಕಿದರೆ ಹಾಳೆ ಅತ್ತಿತ್ತ ಸರಿಯುವುದಿಲ್ಲ. ಮಿರಜದ ತಂಬೂರಿ ತಯಾರಿಸುವವರು ತಂತಿಯ ಕೆಳಗೆ, ಕುದುರೆಯ ಮೇಲೆ ಒಂದೆಳೆ ದಾರವನ್ನಿಟ್ಟು ನಾದವನ್ನು ಹುಡುಕುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಬೇಕು. ಆ ದಾರವನ್ನು ಒಂದು ಕೂದಲಿನಷ್ಟು ಸರಿಸಿದರೆ ನಾದ ಮುಚ್ಚಿಹೋಗುತ್ತದೆ, ಮತ್ತೆ ಸರಿಸಿದರೆ ತೆರೆಯುತ್ತದೆ. ಅಳತೆಪಟ್ಟಿಯ ಕೆಲಸದಲ್ಲಿ ಬೇಸರಪಡುವ ಹುಡುಗರು ಅದನ್ನು ಕಂಡು ಬಂದ ಮೇಲೆ ಒಂದು ಮಿ.ಮೀ.ಗಾಗಿ ತಮ್ಮತಮ್ಮಲ್ಲಿಯೇ ಜಗಳವಾಡುತ್ತಾರೆ.

ಎಲ್ಲ ಮುಗಿದ ಮೇಲೆ ಕರಡನ್ನು ಬರೆದವರ ಕೈಗೆ ಕೊಡದೆ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಬರೆದವರ ಕಣ್ಣು ಇಲ್ಲದ ಒತ್ತನ್ನೂ ಇದ್ದಂತೆ ಓದಿಬಿಡುತ್ತದೆ. ಮರುವರ್ಷ ಆ ಹುಡುಗ ತನ್ನ ಒಳಹಾಳೆಯ ಕರಡನ್ನು ಕೆಳಗಿನ ತರಗತಿಯ ತಂಗಿಯಿಂದ ಓದಿಸಿದ. ಅವಳು ‘ಅಜ್ಜನಿಗೆ’ ಎಂದು ಸರಿಯಾಗಿ ಓದಿದಳು. ಅವನು ಜಕಾರದ ಒತ್ತಿನ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಆ ಕರಡನ್ನು ಮಾತ್ರ ತನ್ನ ದಫ್ತರದಲ್ಲಿ ಇಟ್ಟುಕೊಂಡ.