ಆಂಡರ್ಸನ್‌ವಿಲ್‌ಗೆ ಮೊದಲ ಸಲ ಹೋಗುವವರಿಗೆ

ಶಿಕಾಗೊಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಸರೋವರದ ದಂಡೆ, ಮುಗಿಲೆತ್ತರದ ಕಟ್ಟಡಗಳನ್ನು ನೋಡಿ ಸುಮ್ಮನಾಗುತ್ತಾರೆ. ನೀವು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಉತ್ತರಕ್ಕೆ ಹೋಗುವ 22ನೇ ನಂಬರಿನ ಬಸ್ಸು ಹತ್ತಿ. ಕ್ಲಾರ್ಕ್ ರಸ್ತೆಯೂ ಫಾಸ್ಟರ್ ರಸ್ತೆಯೂ ಕೂಡುವಲ್ಲಿ ಇಳಿದರೆ ಅದೇ ಆಂಡರ್ಸನ್‌ವಿಲ್, ಸ್ವೀಡನ್ನಿನಿಂದ ವಲಸೆ ಬಂದವರು ಕಟ್ಟಿಕೊಂಡ ಬಡಾವಣೆ.

ಅಂಗಡಿಗಳತ್ತ ಹೆಜ್ಜೆ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಇಲ್ಲಿಗೇ ಏಕೆ ಬಂದರು? ಊರು ಬಿಟ್ಟದ್ದಕ್ಕೆ ಕಾರಣ ಹಸಿವು. 1860ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಬೆಳೆ ಕೈಕೊಟ್ಟಿತು, ಹಂಚಿ ಹಂಚಿ ಹೊಲಗಳೂ ತುಂಡಾಗಿದ್ದವು. ಶಿಕಾಗೊಗೆ ಬಂದವರು ಮೊದಲು ನೆಲೆಸಿದ್ದು ನಗರದ ಮಧ್ಯಕ್ಕೆ ಹತ್ತಿರವಿದ್ದ ಸ್ವೀಡ್ ಟೌನ್‌ನಲ್ಲಿ. 1871ರ ಅಕ್ಟೋಬರ್‌ನ ಮಹಾ ಬೆಂಕಿ ಅದನ್ನೂ ಸುಟ್ಟಿತು. ಆಮೇಲೆ ನಗರದ ಎಲ್ಲೆಯೊಳಗೆ ಮರದ ಮನೆ ಕಟ್ಟಬಾರದೆಂಬ ಕಾಯಿದೆ ಬಂತು. ಇಟ್ಟಿಗೆಯ ಮನೆಗೆ ಹಣವಿಲ್ಲದವರು ಎಲ್ಲೆಯಾಚೆ, ಆಗಿನ್ನೂ ಹೊಲಗದ್ದೆಗಳಿದ್ದ ಈ ಕಡೆಗೆ ಸರಿದರು. ಗಂಡಸರಲ್ಲಿ ಬಡಗಿಗಳು ಬಹಳ. ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸಿರಿವಂತರ ಮನೆಗೆಲಸಕ್ಕೆ ನಿಂತರು. ಈ ಬಡಾವಣೆ ಅವರ ದುಡಿಮೆಯಿಂದ ಎದ್ದದ್ದು.

ಇಷ್ಟು ತಿಳಿದ ಮೇಲೆ ಸ್ವೀಡಿಷ್ ಅಮೆರಿಕನ್ ಮ್ಯೂಸಿಯಂಗೆ ಹೋಗಿ. ಕರ್ಟ್ ಮಥಿಯಾಸನ್ 1976ರಲ್ಲಿ ಇದನ್ನು ಸ್ಥಾಪಿಸಿದಾಗ ಉದ್ಘಾಟನೆಗೆ ಸ್ವೀಡನ್ನಿನ ದೊರೆ ಹದಿನಾರನೇ ಕಾರ್ಲ್ ಗುಸ್ತಾಫ್ ಬಂದಿದ್ದರು. ಈಗಿನ ಕಟ್ಟಡ ಹಿಂದೆ ಹಾರ್ಡ್‌ವೇರ್ ಅಂಗಡಿಯಾಗಿತ್ತು. ಮೂರನೇ ಅಂತಸ್ತಿನ ಮಕ್ಕಳ ವಿಭಾಗವನ್ನು ದೊಡ್ಡವರೂ ತಪ್ಪಿಸಬಾರದು. ಒಂದು ಕಡೆ ಸ್ವೀಡನ್ನಿನ ರೈತನ ಮನೆ, ನಡುವೆ ಹಡಗು, ಆಚೆ ಅಮೆರಿಕದ ಮರದ ಗುಡಿಸಲು. ಮಕ್ಕಳು ಮೊದಲ ಮನೆಯಲ್ಲಿ ಕೆಲಸ ಮಾಡಿ, ಹಡಗು ಹತ್ತಿ, ಗುಡಿಸಲಲ್ಲಿ ಇಳಿಯುತ್ತಾರೆ. ವಲಸೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಕ್ರಮ ನನಗೆ ಗೊತ್ತಿಲ್ಲ.

ಹೊರಗೆ ಬಂದು ಕಟ್ಟಡದ ಮೇಲೆ ನೋಡಿ. ಸ್ವೀಡನ್ನಿನ ಬಾವುಟದಂತೆ ನೀಲಿ ಹಳದಿ ಬಣ್ಣದ ನೀರಿನ ತೊಟ್ಟಿ ಇದೆ. ಹಳೆಯದು ಚಳಿಗೆ ಹಾಳಾಗಿ 2014ರಲ್ಲಿ ಕೆಳಗಿಳಿಯಿತು. ಅದನ್ನೇ ಹೋಲುವ ಹೊಸದನ್ನು 2017ರಲ್ಲಿ ಏರಿಸಿದರು.

ಈಗ ಇಲ್ಲಿ ಸ್ವೀಡಿಷರನ್ನೇ ಹುಡುಕಬೇಡಿ. ಎರಡನೇ ಮಹಾಯುದ್ಧದ ನಂತರ ಬಹುಪಾಲು ಜನ ಉಪನಗರಗಳಿಗೆ ಹೋದರು. ಹೆಸರಾಂತ ಸ್ವೀಡಿಷ್ ಬೇಕರಿಯೂ 2017ರಲ್ಲಿ ಮುಚ್ಚಿತು. ಈಗ ಇದೇ ಬಡಾವಣೆಯಲ್ಲಿ ಮಧ್ಯಪ್ರಾಚ್ಯದ ಬೇಕರಿಯಿದೆ, ವಿಮೆನ್ ಅಂಡ್ ಚಿಲ್ಡ್ರನ್ ಫಸ್ಟ್ ಎಂಬ ಸ್ತ್ರೀವಾದಿ ಪುಸ್ತಕದಂಗಡಿಯಿದೆ. ಆದರೆ ರುಚಿ ಉಳಿದಿದೆ. ಲಾಸ್ಟ್ ಲಾರ್ಸನ್ ಬೇಕರಿಯಲ್ಲಿ ಏಲಕ್ಕಿಯ ಬನ್ನು ಕೊಳ್ಳಿ. ಸ್ವೀಡಿಷರು ಏಲಕ್ಕಿಯನ್ನು ಕಾರ್ಡೆಮುಮ್ಮ ಎನ್ನುತ್ತಾರೆ, ಹಿಟ್ಟಿಗೆ ಧಾರಾಳವಾಗಿ ಬೆರೆಸುತ್ತಾರೆ. ನಮ್ಮ ಪಶ್ಚಿಮ ಘಟ್ಟವೇ ಆ ಏಲಕ್ಕಿಯ ತವರು. ಬನ್ನನ್ನು ಮುರಿದಾಗ ಬರುವ ಘಮ ನಿಮಗೆ ಹೊಸದೇನಲ್ಲ.

ಎರಡನೇ ಸಲ ಹೋಗುವುದಾದರೆ ಡಿಸೆಂಬರ್ 13ಕ್ಕೆ ಹೋಗಿ, ಅಂದು ಸಂತ ಲೂಸಿಯಾಳ ಹಬ್ಬ. ಬಿಳಿ ನಿಲುವಂಗಿ ತೊಟ್ಟ ಹುಡುಗಿಯರು, ತಲೆಯ ಮೇಲೆ ದೀಪದ ಕಿರೀಟ ಹೊತ್ತ ಲೂಸಿಯಾ, ಕ್ಲಾರ್ಕ್ ರಸ್ತೆಯಲ್ಲಿ ಹಾಡುತ್ತ ಮೆರವಣಿಗೆ ಹೊರಡುತ್ತಾರೆ. ಅಲ್ಲಿ ಆ ಹೊತ್ತಿಗೆ ಸಂಜೆ ಬೇಗ ಕತ್ತಲಾಗುತ್ತದೆ, ಚಳಿಯೂ ಜೋರು. ದಪ್ಪ ಕೋಟು ಹಾಕಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋಗಿ.